ಫಿಲಿಪ್ಪಿ 2:1–11: ‘ಎಣಿಸು’ ಎಂಬ ಮಾತಿನ ಮೇಲೆ ಟಿಪ್ಪಣಿ

ಪೌಲ ಫಿಲಿಪ್ಪಿ ಊರಿನ ಸಭೆಗೆ ಬರೆದ ಪತ್ರದ ಈ ಭಾಗವನ್ನು ಓದುವಾಗ ಹೆಚ್ಚಿನವರು ‘ದೀನಭಾವ’ ಎಂಬ ಪದದ ಕೆಳಗೆ ಗೆರೆ ಎಳೆಯುತ್ತಾರೆ. ಎಳೆಯಬೇಕಾದ್ದು ಅದರ ಜೊತೆಗಿರುವ ಕ್ರಿಯಾಪದಕ್ಕೆ. ಹಳೆಯ ಕನ್ನಡ ಸತ್ಯವೇದದಲ್ಲಿ 2:3 ಮತ್ತೊಬ್ಬರನ್ನು ತನಗಿಂತ ಶ್ರೇಷ್ಠರೆಂದು ‘ಎಣಿಸಲಿ’ ಅನ್ನುತ್ತದೆ. 2:6ರಲ್ಲಿ ಕ್ರಿಸ್ತನು ತನ್ನ ಪದವಿಯನ್ನು ಬಿಡಲೊಲ್ಲೆನೆಂದು ‘ಎಣಿಸದೆ’ ಇಳಿದು ಬರುತ್ತಾನೆ. 3:7ರಲ್ಲಿ ಪೌಲ ತನ್ನ ಲಾಭಗಳನ್ನೆಲ್ಲ ನಷ್ಟವೆಂದು ಎಣಿಸುತ್ತಾನೆ. ಗ್ರೀಕ್ ಮೂಲದಲ್ಲೂ ಮೂರೂ ಕಡೆ ಒಂದೇ ಕ್ರಿಯಾಪದವಿದೆ.

ಎಣಿಸುವುದು ಭಾವನೆಯಲ್ಲ, ಲೆಕ್ಕ. ರಾಯಚೂರಿನ ಎಪಿಎಂಸಿಯಲ್ಲಿ ಹತ್ತಿ ಚೀಲ ಎಣಿಸುವ ಗುಮಾಸ್ತನಿಗೆ ಚೀಲದ ಮೇಲೆ ಮಮತೆ ಹುಟ್ಟಬೇಕೆಂದೇನಿಲ್ಲ, ಎಣಿಕೆ ತಪ್ಪದಿದ್ದರೆ ಸಾಕು. ‘ಅವನನ್ನು ಕಂಡರೆ ನನಗೆ ಪ್ರೀತಿ ಬರುವುದಿಲ್ಲ, ಬಂದ ಮೇಲೆ ನೋಡೋಣ’ ಎಂದು ಕಾಯುವವರಿಗೆ ಈ ವಚನ ಬಿಡುವು ಕೊಡುವುದಿಲ್ಲ. ಮೊದಲು ಲೆಕ್ಕದ ಸಾಲು ಬದಲಾಗುತ್ತದೆ, ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತದೆ.

ಊರಿನ ಹಿನ್ನೆಲೆ ಚಿಕ್ಕದಾಗಿ. ಫಿಲಿಪ್ಪಿ ರೋಮನ್ನರ ವಸಾಹತು. ಕ್ರಿ.ಪೂ. 42ರ ಯುದ್ಧದ ನಂತರ ನಿವೃತ್ತ ಸೈನಿಕರಿಗೆ ಜಮೀನು ಕೊಟ್ಟು ಅಲ್ಲಿ ಕೂರಿಸಿದರು. ಪದವಿ, ಪೌರತ್ವ, ಮರ್ಯಾದೆಯ ಊರು ಅದು. ಅಂಥಲ್ಲಿ ‘ದೀನಭಾವ’ದ ಹಿಂದಿರುವ ಗ್ರೀಕ್ ಪದ ‘ತಪೈನೊಸ್’ ಅಂದರೆ ಕೀಳು, ಗುಲಾಮನಂಥವ ಎಂದರ್ಥ. ತಿರಸ್ಕಾರದ ಆ ಪದದಿಂದಲೇ ಪೌಲ ಸಭೆಗೆ ಒಂದು ಗುಣವನ್ನು ಕಟ್ಟಿಕೊಡುತ್ತಾನೆ.

2:3ರ ‘ಒಣಹೆಮ್ಮೆ’ಗೆ ಮೂಲದಲ್ಲಿರುವುದು ‘ಕೆನೊಡೊಕ್ಸಿಯ’: ಕೆನೊಸ್ ಅಂದರೆ ಬರಿದು, ಡೊಕ್ಸ ಅಂದರೆ ಮಹಿಮೆ. 2:7ರ ‘ತನ್ನನ್ನು ಬರಿದು ಮಾಡಿಕೊಂಡು’ ಎಂಬಲ್ಲೂ ಇರುವುದು ಅದೇ ಕೆನೊಸ್. ಬರಿ ಮಹಿಮೆಯ ಬೆನ್ನು ಹತ್ತಿದವರ ಮುಂದೆ ನಿಜ ಮಹಿಮೆಯುಳ್ಳವನು ಬರಿದಾಗಿ ನಿಲ್ಲುತ್ತಾನೆ. ಕನ್ನಡದಲ್ಲಿ ಈ ನಂಟು ಕಳೆದುಹೋಗಿದೆ, ‘ಎಣಿಸು’ವಿನ ನಂಟು ಮಾತ್ರ ಉಳಿದಿದೆ. (1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಕೈಹಾಕಿದ ಕನ್ನಡ ಅನುವಾದ 1831ರಲ್ಲಿ ಪೂರ್ತಿಯಾಯಿತು. ನಾವು ಈಗ ಓದುವುದು ಅನಂತರದ ಪಾಠ.)

ಇನ್ನು 2:4. ಇಲ್ಲೇ ಎಡವುವುದು ಹೆಚ್ಚು. ಸ್ವಹಿತವನ್ನು ಅಳಿಸಿಹಾಕು ಎಂದು ಪೌಲ ಹೇಳುತ್ತಿಲ್ಲ. ಪರಹಿತವನ್ನು ‘ಸಹ’ ನೋಡು ಅನ್ನುತ್ತಾನೆ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ನೆನೆಯಿರಿ. ಮುನಿರಾಬಾದಿನಿಂದ ಹೊರಟು ಕೊಪ್ಪಳ ಜಿಲ್ಲೆ ದಾಟಿ ರಾಯಚೂರಿನ ಕಡೆಗೆ ಹರಿಯುವ ನೀರು ಕೊನೆಭಾಗಕ್ಕೆ ಮುಟ್ಟುವುದಿಲ್ಲ ಎಂಬ ಕೂಗು ಹಳೆಯದು. ಮೇಲ್ಭಾಗದ ರೈತ ತನ್ನ ಭತ್ತ ಒಣಗಿಸಿಕೊಂಡು ತ್ಯಾಗಿಯಾಗಬೇಕಿಲ್ಲ. ತನ್ನ ಪಾಳಿ ಮುಗಿದ ಕೂಡಲೇ ತೂಬು ಮುಚ್ಚಬೇಕು, ರಾತ್ರಿ ಪಂಪ್‌ಸೆಟ್ ಇಡಬಾರದು. ‘ಸಹ’ ಎಂದರೆ ಇಷ್ಟು.

ಇದೇ ಕಾಲುವೆ ಇನ್ನೊಂದನ್ನೂ ಹೇಳುತ್ತದೆ. ಕೊನೆಭಾಗದವನಿಗೆ ‘ನೀನು ದೀನನಾಗಿರು, ನೀರು ಬಿಟ್ಟುಕೊಡು’ ಎಂದು ಉಪದೇಶ ಮಾಡಲಾಗದು, ಅವನಲ್ಲಿ ಬಿಡಲು ನೀರೇ ಇಲ್ಲ. 2:6–8ರಲ್ಲಿ ಇಳಿಯುವವನು ಮೇಲಿದ್ದವನು. ಸೊಸೆಗೆ, ಕೂಲಿಯವಳಿಗೆ, ದಲಿತ ವಿಶ್ವಾಸಿಗೆ ಬಾಯಿ ಮುಚ್ಚಿಸಲು ಈ ವಚನ ಬಳಸಿದರೆ ಅದು ಪಾಠವನ್ನೇ ತಲೆಕೆಳಗು ಮಾಡಿದಂತೆ. 2:4ರ ‘ಪ್ರತಿಯೊಬ್ಬನು’ ಎಂಬ ಮಾತು ಹಿರಿಯರ ಕಮಿಟಿಯಿಂದಲೇ ಶುರುವಾಗಲಿ.

ಎರಡನೆಯ ತಪ್ಪು ‘ನಾನೇನೂ ಅಲ್ಲ, ನನ್ನಿಂದೇನಾಗುತ್ತೆ’ ಎಂಬ ರಾಗ. ಅದರಲ್ಲೂ ‘ನಾನು’ ಹೋಗಿಲ್ಲ. ಔತಣದಲ್ಲಿ ಕಡೆಯ ಸ್ಥಾನದಲ್ಲಿ ಕೂತುಕೋ ಎನ್ನುವ ಲೂಕ 14:10ನ್ನು ಓದಿಕೊಂಡು, ಮುಂದೆ ಕರೆಯಲಿ ಎಂಬ ಆಸೆಯಿಂದ ಕೊನೆಯ ಚಾಪೆಯಲ್ಲಿ ಕೂರುವುದೂ ಇದೇ ಜಾತಿಯದು. ಮೂರನೆಯದು ಸುಸ್ತು: ಎಲ್ಲರ ಎಲ್ಲವನ್ನೂ ಹೊರುವುದು. ಗಲಾತ್ಯ 6:2 ಒಬ್ಬರ ಭಾರವನ್ನೊಬ್ಬರು ಹೊರಲು ಹೇಳುತ್ತದೆ, 6:5 ಅವರವರ ಹೊರೆ ಅವರವರದು ಅನ್ನುತ್ತದೆ. ಗ್ರೀಕಿನಲ್ಲಿ ಎರಡೂ ಬೇರೆ ಪದ. ಕುಸಿದುಬಿದ್ದವನಿಗೆ ಹೆಗಲು ಕೊಡಬೇಕು. ದಿನನಿತ್ಯದ ಗಂಟು ಅವನೇ ಹೊರಲಿ.

ರೂಢಿಗೆ ತರುವ ದಾರಿ. ವಾರಕ್ಕೆ ಒಂದೇ ಹೆಸರು ಬರೆದುಕೊಳ್ಳಿ, ‘ಎಲ್ಲರೂ’ ಎಂದು ಬರೆದರೆ ಯಾರಿಗೂ ಆಗುವುದಿಲ್ಲ. ಹೆಸರಿನ ಎದುರು ಆ ವ್ಯಕ್ತಿಯ ಒಂದು ಅಗತ್ಯ ಬರೆಯಿರಿ. ಗೊತ್ತಿಲ್ಲದಿದ್ದರೆ ಕೇಳಿ, ಊಹಿಸಬೇಡಿ. ಊಹಿಸಿ ಮಾಡಿದ ಉಪಕಾರ ಅರ್ಧ ಸಲ ನಮ್ಮ ಇಷ್ಟವೇ ಆಗಿರುತ್ತದೆ. ಆಮೇಲೆ ನೀವು ಬಿಡಬಹುದಾದ ಒಂದನ್ನು ಆರಿಸಿ: ಸರತಿ, ಅರ್ಧ ಗಂಟೆ, ಸಭೆಯಲ್ಲಿ ಮೊದಲು ಮಾತಾಡುವ ಹಕ್ಕು. ಮರುದಿನದೊಳಗೆ ಮಾಡಿ ಮುಗಿಸಿ, ಸಭೆಯಲ್ಲಿ ಸಾಕ್ಷಿ ಹೇಳುವಾಗ ಅದನ್ನು ಎತ್ತಬೇಡಿ. ಪ್ರೀತಿಭೋಜನದಲ್ಲಿ ಬಡಿಸುವವರು ಕೊನೆಗೆ ಉಣ್ಣುವುದು ಒಳ್ಳೆಯದೇ. ಆದರೆ 1 ಕೊರಿಂಥ 11:21ರಲ್ಲಿ ಪೌಲ ಬೈಯುವುದು ಕೆಲವರು ಮುಂದಾಗಿ ಉಂಡು ಇನ್ನು ಕೆಲವರು ಹಸಿದೇ ಉಳಿಯುವಂಥ ಪಂಕ್ತಿಯನ್ನೇ. ಹೊಲದಿಂದ ಬರುವವರ ಪಾಲನ್ನು ಮೊದಲೇ ತೆಗೆದಿಟ್ಟು ಆಮೇಲೆ ಪ್ರಾರ್ಥನೆ ಮಾಡಿ.

ಮುಂದಿನ ವಾರಕ್ಕೆ 4:2–3. ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರ ಜಗಳ. ಯಾರು ಸರಿ ಎಂದು ಪೌಲ ತೀರ್ಪು ಕೊಡುವುದಿಲ್ಲ. ಮೂಲದಲ್ಲಿ ‘ಬೇಡಿಕೊಳ್ಳುತ್ತೇನೆ’ ಎಂದು ಎರಡು ಸಲ, ಒಬ್ಬೊಬ್ಬರಿಗೂ ಒಂದೊಂದು ಸಲ ಬರೆಯುತ್ತಾನೆ. ಇಬ್ಬರಿಗೂ ನೆರವಾಗಲು ಮೂರನೆಯವರೊಬ್ಬರನ್ನು ಕೇಳುತ್ತಾನೆ. 2:2ರ ಪಕ್ಕದಲ್ಲಿಟ್ಟು ಓದಿ, ಎರಡೂ ಕಡೆ ಬರುವ ‘ಒಂದೇ ಮನಸ್ಸು’ ಎಂಬ ಮಾತಿಗೆ ಗುರುತು ಹಾಕಿಕೊಂಡು ಬನ್ನಿ.