ಮುಟ್ಟು ನಿಂತ ಮೇಲೆ ಮೈ ತುರಿಸುವುದೇಕೆ?

ಪ್ರಶ್ನೆ: ನನಗೆ 51 ವರ್ಷ. ಮುಟ್ಟು ನಿಂತು ಒಂದೂವರೆ ವರ್ಷವಾಗಿದೆ. ಮೈಮೇಲೆ ಗುಳ್ಳೆಯಾಗಲಿ ದದ್ದಾಗಲಿ ಇಲ್ಲ. ಆದರೂ ರಾತ್ರಿಯ ಹೊತ್ತು ಮೊಣಕಾಲಿನ ಕೆಳಗೆ ಮತ್ತು ಬೆನ್ನಿನಲ್ಲಿ ವಿಪರೀತ ತುರಿಕೆ. ಮುಟ್ಟು ನಿಂತಿರುವುದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಸಂಬಂಧವಿರುವ ಸಾಧ್ಯತೆಯೇ ಹೆಚ್ಚು. ಕಣ್ಣಿಗೆ ಏನೂ ಕಾಣದಿದ್ದರೂ ನಿಮ್ಮ ತುರಿಕೆ ಖಂಡಿತ ಭ್ರಮೆಯಲ್ಲ. ಚರ್ಮದ ದಪ್ಪವನ್ನೂ ತೇವವನ್ನೂ ಕಾಪಾಡುವುದರಲ್ಲಿ ಈಸ್ಟ್ರೋಜೆನ್ ಹಾರ್ಮೋನಿನ ಪಾತ್ರ ದೊಡ್ಡದು. ಋತುಬಂಧದ ಆಸುಪಾಸಿನಲ್ಲಿ ಅದು ಇಳಿಯುತ್ತಿದ್ದಂತೆ ಚರ್ಮ ತೆಳುವಾಗಿ, ನೀರಿನಂಶವನ್ನು ಹಿಡಿದಿಡಲಾರದೆ ಒಣಗುತ್ತದೆ. ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ಮುಟ್ಟು ನಿಂತ ಮೊದಲ 5 ವರ್ಷಗಳಲ್ಲೇ ಸುಮಾರು ಶೇ. 30ರಷ್ಟು ಕಡಿಮೆಯಾಗುತ್ತದೆ ಎಂಬ ಅಂದಾಜಿದೆ. ಕೆಲವರಿಗೆ ಮೈಮೇಲೆ ಇರುವೆ ಹರಿದಾಡಿದಂತೆ ಅನ್ನಿಸುವುದೂ ಉಂಟು.

ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಸಾಕು. ಮೈಯೆಲ್ಲ ಸೋಪು ಹಚ್ಚಿ ಉಜ್ಜಿದರೆ ಉಳಿದಿರುವ ಅಲ್ಪಸ್ವಲ್ಪ ಜಿಡ್ಡೂ ಹೋಗುತ್ತದೆ. ಟವೆಲಿನಿಂದ ಮೆಲ್ಲಗೆ ಒತ್ತಿ ಒರೆಸಿಕೊಂಡು, ಚರ್ಮದಲ್ಲಿ ಇನ್ನೂ ಪಸೆ ಇರುವಾಗಲೇ ಸುವಾಸನೆಯಿಲ್ಲದ ಗಟ್ಟಿ ಮಾಯಿಶ್ಚರೈಸರನ್ನಾಗಲಿ ಪೆಟ್ರೋಲಿಯಂ ಜೆಲ್ಲಿಯನ್ನಾಗಲಿ ಹಚ್ಚಿ; ಮಲಗುವ ಮುನ್ನ ಮತ್ತೊಮ್ಮೆ ಹಚ್ಚಿ. ಎರಡು ಮೂರು ವಾರ ಹೀಗೆ ಮಾಡಿಯೂ ತುರಿಕೆ ತಗ್ಗದಿದ್ದರೆ ವೈದ್ಯರನ್ನು ಕಾಣಲೇಬೇಕು. ಥೈರಾಯ್ಡ್ ಸಮಸ್ಯೆ, ಕಬ್ಬಿಣಾಂಶದ ಕೊರತೆ, ಸಕ್ಕರೆ ಕಾಯಿಲೆ, ಯಕೃತ್ತು ಮತ್ತು ಮೂತ್ರಪಿಂಡದ ತೊಂದರೆಗಳೂ ಹೀಗೆ ಗುಳ್ಳೆಯಿಲ್ಲದ ತುರಿಕೆಯಾಗಿ ಕಾಣಿಸಿಕೊಳ್ಳಬಹುದು; ಇವನ್ನು ರಕ್ತಪರೀಕ್ಷೆಯಿಂದ ಪತ್ತೆ ಮಾಡಬಹುದು.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು, ಏಕೆಂದರೆ ಬಹಳಷ್ಟು ಹೆಂಗಸರು ಇದನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು ನರಳುತ್ತಾರೆ. ಜನನಾಂಗದ ಸುತ್ತಲಿನ ಚರ್ಮ ಬೆಳ್ಳಗಾಗಿ, ತೆಳುವಾಗಿ, ಸುಲಭವಾಗಿ ಬಿರುಕು ಬಿಡುತ್ತಿದ್ದು, ಅಲ್ಲಿ ಸಹಿಸಲಾಗದ ತುರಿಕೆಯಿದ್ದರೆ ಅದು ಲೈಕನ್ ಸ್ಕ್ಲೆರೋಸಸ್ ಎಂಬ ಕಾಯಿಲೆಯಾಗಿರಬಹುದು. ಇದು ಅಂಟುರೋಗವಲ್ಲ, ಶುಚಿತ್ವದ ಕೊರತೆಯಿಂದ ಬರುವುದೂ ಅಲ್ಲ. ಫಂಗಸ್ ಇರಬೇಕೆಂದು ಊಹಿಸಿ ಔಷಧದಂಗಡಿಯಿಂದ ತಂದ ಕ್ರೀಮು ಹಚ್ಚುತ್ತಾ ಹೋದರೆ ರೋಗ ಒಳಗೊಳಗೇ ಮುಂದುವರಿದು ಚರ್ಮ ಕಲೆಗಟ್ಟಿ ಅಂಟಿಕೊಳ್ಳುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟಾಗ ಕೆಲವೇ ಕೆಲವರಲ್ಲಿ ಕ್ಯಾನ್ಸರಿಗೂ ತಿರುಗಬಹುದು. ಸ್ತ್ರೀರೋಗ ತಜ್ಞರು ಅಥವಾ ಚರ್ಮರೋಗ ತಜ್ಞರು ಸಾಮಾನ್ಯವಾಗಿ ನೋಡಿಯೇ ಇದನ್ನು ಗುರುತಿಸುತ್ತಾರೆ, ಅನುಮಾನವಿದ್ದರೆ ಚರ್ಮದ ಚೂರು ತೆಗೆದು ಪರೀಕ್ಷಿಸುತ್ತಾರೆ. ಹೆಚ್ಚು ಪ್ರಬಲವಾದ ಸ್ಟೀರಾಯ್ಡ್ ಮುಲಾಮನ್ನು ಅವರು ಹೇಳಿದ ಕ್ರಮದಲ್ಲೇ ಹಚ್ಚಿದರೆ ಹೆಚ್ಚಿನವರಿಗೆ ಕೆಲವೇ ವಾರಗಳಲ್ಲಿ ತುರಿಕೆ ಇಳಿಯುತ್ತದೆ; ಆದರೆ ತುರಿಕೆ ನಿಂತಿತೆಂದು ತಪಾಸಣೆಯನ್ನು ನಿಲ್ಲಿಸುವಂತಿಲ್ಲ.