ಕೆಲಸ ಬಿಡುವ ಭೋಂಗಾ ಎಲ್ಲಿ ಹೋಯಿತು?

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮಗೆ ಬೇಕಾದವರ ಮನೆ. ಸೊಸೆಗೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ನೌಕರಿ. ಆದರೆ ಕೆಲಸ ಮಾಡುವುದು ಇಲ್ಲೇ, ಅಡುಗೆಮನೆ ಪಕ್ಕದ ಕೋಣೆಯಲ್ಲಿ. ಸಂಜೆ ಏಳಕ್ಕೆ ಅತ್ತೆ ಜೋಳದ ರೊಟ್ಟಿ ಬಡಿಯಲು ಕೂರುತ್ತಾರೆ. ಅದೇ ಹೊತ್ತಿಗೆ ಅವಳ ಮೀಟಿಂಗ್. "ಅತ್ತಿ, ಒಂದ್ ಹತ್ ನಿಮಿಷ ತಡೀರಿ, ಮೀಟಿಂಗ್ ಐತ್ರಿ" ಎಂದು ಬಾಗಿಲಿಂದ ಇಣುಕಿ ಹೇಳುತ್ತಾಳೆ. ಬಡಿಯುವ ಕೈ ನಿಲ್ಲುತ್ತದೆ. ಹಂಚು ಕಾಯುತ್ತಲೇ ಇರುತ್ತದೆ. ಹತ್ತು ನಿಮಿಷ ಮುಕ್ಕಾಲು ಗಂಟೆಯಾಗುತ್ತದೆ.

ಅದೇ ಮನೆಯ ಅಜ್ಜ ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿದ್ದರು. ಸೈರನ್ನಿಗೆ ನಮ್ಮ ಕಡೆ ಭೋಂಗಾ ಅನ್ನುತ್ತಾರೆ. ಬೆಳಿಗ್ಗೆ ಭೋಂಗಾ ಕೂಗಿದರೆ ಕೆಲಸ ಶುರು, ಸಂಜೆ ಕೂಗಿದರೆ ಕೆಲಸ ಮುಗಿಯಿತು. "ಭೋಂಗಾ ಆತು" ಅಂದಕೂಡಲೇ ಮನೆಯಲ್ಲಿ ಚಹಾಕ್ಕೆ ನೀರಿಡುತ್ತಿದ್ದರಂತೆ. ಆ ಸಂಜೆಯ ಕೂಗು ಸುಮ್ನೆ ಬಂದದ್ದಲ್ಲ.

ಮನೆಯಲ್ಲೇ ಕೂತು ದುಡಿಯುವುದು ನಮಗೆ ಹೊಸದೇನಲ್ಲ. ಗದಗ ಪಕ್ಕದ ಬೆಟಗೇರಿಯ ನೇಕಾರರ ಮನೆಗೆ ಹೋಗಿ ನೋಡಿ. ಪಡಸಾಲೆಯಲ್ಲೇ ಮಗ್ಗ. ಕುಣಿಯಲ್ಲಿ ಕಾಲು ಇಳಿಬಿಟ್ಟು ಗಂಡ ನೇಯುತ್ತಿದ್ದರೆ, ಪಕ್ಕದಲ್ಲಿ ಹೆಂಡತಿ ಕಂಡಿಕೆ, ಅಂದರೆ ಲಾಳಿಗೆ ಹಾಕುವ ನೂಲಿನ ಸುರುಳಿ, ಸುತ್ತುತ್ತಿರುತ್ತಾಳೆ. ಕೂಲಿ ಗಂಟೆಗಲ್ಲ, ಸೀರೆಗೆ. ಅವಳು ಸುತ್ತಿದ ಕಂಡಿಕೆಗೆ ಬೇರೆ ಲೆಕ್ಕವೇ ಇಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಕೂಲಿಯೂ ತೂಕದ ಮೇಲೆಯೇ. ಇಂಥ ಕೆಲಸಕ್ಕೆ ಇಷ್ಟು ಹೊತ್ತಿಗೆ ಮುಗಿಯಿತು ಅನ್ನುವುದು ಇರುವುದಿಲ್ಲ. ಹಬ್ಬದ ಮುಂದೆ ದೀಪ ಹಚ್ಚಿಕೊಂಡು ನೇಯ್ದವರೆಷ್ಟೋ ಮಂದಿ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯಲ್ಲಿ ವರ್ಕ್‌ಶಾಪ್ ಕಟ್ಟಿತು. ಹೊಲದಲ್ಲಿ ಹೊತ್ತು ನೋಡಿ ದುಡಿಯುತ್ತಿದ್ದವರು ಗಡಿಯಾರ ನೋಡಿ ದುಡಿಯಲು ಕಲಿತರು. ಆಗ ಈ ಸೀಮೆಯೆಲ್ಲ ಮುಂಬಯಿ ಪ್ರಾಂತ್ಯದಲ್ಲಿತ್ತು. 1881ರಲ್ಲೇ ಕಾರ್ಖಾನೆ ಕಾಯ್ದೆ ಬಂದಿತ್ತು ನಿಜ, ಆದರೆ ಅದು ಮಕ್ಕಳ ದುಡಿಮೆಗಷ್ಟೇ ಮಿತಿ ಹಾಕಿತು. ದೊಡ್ಡವರಿಗೆ ವಾರದ ರಜೆಯೂ ಇರಲಿಲ್ಲ. ಮುಂಬಯಿ ಗಿರಣಿ ಕೆಲಸಗಾರರನ್ನು ಒಗ್ಗೂಡಿಸಿದ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಬಡಿದಾಡಿದ ಮೇಲೆ, 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ನಾವೆಲ್ಲ ಭಾನುವಾರ ಮಿರ್ಚಿ ಭಜಿ ತಿನ್ನುತ್ತಾ ಕೂರುತ್ತೇವೆ, ಆ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಆಮೇಲೆ ಗಂಟೆ ಇಳಿಯುತ್ತಾ ಬಂತು. ಕಾರ್ಖಾನೆಯಲ್ಲಿ ವಾರಕ್ಕೆ ಇಷ್ಟೇ ದುಡಿಮೆ ಎಂದು 1922ರಲ್ಲಿ 60 ಗಂಟೆಯ ಮಿತಿ ಬಂತು. 1934ರಲ್ಲಿ 54, 1946ರಲ್ಲಿ 48. ಜಾಸ್ತಿ ದುಡಿಸಿದರೆ ಎರಡು ಪಟ್ಟು ಕೂಲಿ ಕೊಡಬೇಕು ಎಂದೂ 1948ರ ಕಾರ್ಖಾನೆ ಕಾಯ್ದೆ ಹೇಳಿತು. ಅಜ್ಜನ ಸಂಜೆಯ ಭೋಂಗಾದ ಹಿಂದೆ ಇಷ್ಟೆಲ್ಲ ಇದೆ.

ಆದರೆ ಆ ಭೋಂಗಾ ಗಂಡಸರಿಗಾಗಿ ಕೂಗುತ್ತಿತ್ತು. ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿ 1974ರಲ್ಲಿ ಟೆಲ್ಕೋ ಕಂಪನಿಯ ಜಾಹೀರಾತು ನೋಡಿದರು. ಹೆಂಗಸರು ಅರ್ಜಿ ಹಾಕುವುದು ಬೇಡ ಎಂದು ಅದರಲ್ಲೇ ಇತ್ತು. ಅವರು ಜೆಆರ್‌ಡಿ ಟಾಟಾ ಅವರಿಗೆ ಒಂದು ಪೋಸ್ಟ್‌ಕಾರ್ಡ್ ಬರೆದರು, ಕೆಲಸ ಸಿಕ್ಕಿತು. ಅದೇ ಕಂಪನಿ ಈಗ ಟಾಟಾ ಮೋಟಾರ್ಸ್, ಧಾರವಾಡದಲ್ಲಿ ಅದರ ಕಾರ್ಖಾನೆ ಇದೆ. ಕಾರ್ಖಾನೆಯಲ್ಲಿ ಹೆಂಗಸರು ರಾತ್ರಿ ಪಾಳಿ ಮಾಡಲು ಕರ್ನಾಟಕ ಷರತ್ತಿನ ಮೇಲೆ ಒಪ್ಪಿದ್ದು 2019ರಲ್ಲಿ. 2025ರಲ್ಲಿ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೂ ರಾಜ್ಯ ಸಂಪುಟ ಒಪ್ಪಿತು. ತಡವಾದರೂ ಬಂತಲ್ಲ ಎಂದು ನನಗೆ ಸಮಾಧಾನ.

ಎಂಜಿನಿಯರಿಂಗ್ ಮುಗಿಸಿದ ನಮ್ಮ ಮಕ್ಕಳಿಗೆ ಬಹಳ ವರ್ಷ ಒಂದೇ ದಾರಿ ಇತ್ತು, ಬೆಂಗಳೂರಿನ ರಾತ್ರಿ ಬಸ್ಸು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಎಷ್ಟೋ ಮಂದಿ ಲ್ಯಾಪ್‌ಟಾಪ್ ಹೊತ್ತುಕೊಂಡು ಮನೆಗೆ ಬಂದರು. ಕೆಲಸ ಊರಿನಿಂದಲೂ ಆಗುತ್ತದೆ ಎಂಬುದು ಕಂಪನಿಗಳಿಗೂ ಗೊತ್ತಾಯಿತು. 2024ರಲ್ಲಿ ಇನ್ಫೋಸಿಸ್ ತನ್ನ ಹುಬ್ಬಳ್ಳಿ ಕ್ಯಾಂಪಸ್‌ಗೆ ಬರುವ ನೌಕರರಿಗೆ ಲಕ್ಷಗಟ್ಟಲೆ ಪ್ರೋತ್ಸಾಹಧನ ಕೊಡುವುದಾಗಿ ಹೇಳಿತು. ಬಾಡಿಗೆ ಉಳಿಯುತ್ತದೆ, ಅಪ್ಪ ಅಮ್ಮ ಹತ್ತಿರ ಇರುತ್ತಾರೆ, ಊಟಕ್ಕೆ ಬಿಸಿ ರೊಟ್ಟಿ ಸಿಗುತ್ತದೆ. ಇದನ್ನು ಕಡಿಮೆ ಅನ್ನಲಾಗುವುದಿಲ್ಲ.

ಕಳೆದುಹೋದದ್ದು ಸಂಜೆಯ ಭೋಂಗಾ. ವಾರಕ್ಕೆ 70 ಗಂಟೆ ದುಡಿಯಬೇಕು ಎಂದು 2023ರಲ್ಲಿ ಎನ್.ಆರ್. ನಾರಾಯಣ ಮೂರ್ತಿ ಹೇಳಿದ ಮೇಲೆ ಮನೆಮನೆಯಲ್ಲೂ ವಾದ ನಡೆಯಿತು. 2024ರಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಗೆ ಏರಿಸುವ ಪ್ರಸ್ತಾವ ರಾಜ್ಯದಲ್ಲಿ ಕೇಳಿಬಂತು, ನೌಕರರ ಸಂಘ ತಿರುಗಿಬಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ವಾರಕ್ಕೆ 48 ಗಂಟೆಯೇ ಇದೆ. ಕಾಗದದಲ್ಲಿ ಮಿತಿ ಹಾಗೇ ಉಳಿದಿದೆ, ಫೋನ್ ಮಾತ್ರ ರಾತ್ರಿ ಹತ್ತಕ್ಕೂ ಮಿಡಿಯುತ್ತದೆ. ಕೆಲಸದ ಹೊತ್ತು ಮುಗಿದ ಮೇಲೆ ಫೋನ್ ಎತ್ತದಿರುವ ಹಕ್ಕನ್ನು ಫ್ರಾನ್ಸ್ 2017ರಿಂದ, ಆಸ್ಟ್ರೇಲಿಯಾ 2024ರಿಂದ ಕೊಟ್ಟಿವೆ. ನಮ್ಮ ಲೋಕಸಭೆಯಲ್ಲಿ ಸಂಸದೆ ಸುಪ್ರಿಯಾ ಸುಳೆ ಇಂಥದೇ ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾಯ್ದೆಯಾಗಲಿಲ್ಲ. ಆಗಲೇಬೇಕಿತ್ತು.

ಇನ್ನು ಊಟ ತಂದುಕೊಡುವ ಹುಡುಗರು. ಅವರಿಗೆ ಕೂಲಿ ಆರ್ಡರ್‌ಗೆ ಇಷ್ಟು ಎಂದು. ಬೆಟಗೇರಿಯಲ್ಲಿ ಸೀರೆಗೆ ಇಷ್ಟು ಅಂದ ಹಾಗೇ ಅಲ್ವಾ? ಇವರಿಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ತಂದಿದೆ. ಪ್ರತಿ ಆರ್ಡರ್‌ಗೆ ಕೆಲಸಗಾರನಿಗೆ ಕೊಡುವ ಹಣದ ಮೇಲೆ ಕಂಪನಿ ಶೇಕಡಾ 1ರಿಂದ 5ರಷ್ಟು ಶುಲ್ಕವನ್ನು ಕಲ್ಯಾಣ ನಿಧಿಗೆ ಕಟ್ಟಬೇಕು. ಕೆಲಸದಿಂದ ತೆಗೆಯುವುದಾದರೆ ಕಾರಣ ತಿಳಿಸಿ 14 ದಿನ ಮೊದಲೇ ಹೇಳಬೇಕು. ಒಳ್ಳೆಯ ಹೆಜ್ಜೆ. ಆದರೆ ದಿನಕ್ಕೆ ಇಷ್ಟೇ ಗಂಟೆ ಎಂಬ ಮಾತು ಅದರಲ್ಲಿಲ್ಲ.

ಹೊರಗೆ ಓಡಾಡುವವರ, ಮನೆಯಲ್ಲಿ ಕೂತವರ ಗಂಟೆಯನ್ನು ಎಣಿಸುವುದು ಹೇಗೆ ಎಂದು ಕೇಳುವವರಿದ್ದಾರೆ. ಮೊನ್ನೆ ಚೆನ್ನಮ್ಮ ವೃತ್ತದ ಹತ್ತಿರ ಬೈಕ್ ನಿಲ್ಲಿಸಿಕೊಂಡಿದ್ದ ಒಬ್ಬ ಹುಡುಗನನ್ನು ಇದನ್ನೇ ಕೇಳಿದೆ. ಅವನು ಮೊಬೈಲ್ ತಿರುಗಿಸಿ ತೋರಿಸಿದ. ಆ ದಿನ ಆ್ಯಪ್‌ನಲ್ಲಿ ಅವನು ಎಷ್ಟು ಹೊತ್ತು ಇದ್ದ ಎಂಬುದು ಅಲ್ಲೇ ಇತ್ತು. 12 ಗಂಟೆ 40 ನಿಮಿಷ.