ಫಿಲ್ಟರ್ ಕಾಫಿ ಪುಡಿಯಲ್ಲೇ ಕೋಲ್ಡ್ ಬ್ರೂ ಆಗುತ್ತದಾ?

ಪ್ರಶ್ನೆ: ಮನೆಯಲ್ಲಿ ದಿನಾ ಬಳಸುವ ಫಿಲ್ಟರ್ ಕಾಫಿ ಪುಡಿಯನ್ನೇ ರಾತ್ರಿ ತಣ್ಣೀರಲ್ಲಿ ನೆನೆಸಿಟ್ಟು ಕೋಲ್ಡ್ ಬ್ರೂ ಮಾಡಿದೆ. ಬೆಳಗ್ಗೆ ನೋಡಿದರೆ ಕೆಸರು ನೀರಿನ ಹಾಗಿತ್ತು. ಸೋಸಲು ಒಂದು ಗಂಟೆ ಹಿಡಿಯಿತು. ಕುಡಿದರೆ ಕಾಫಿಗಿಂತ ಸುಟ್ಟ ಬೆಲ್ಲದ ರುಚಿಯೇ ಜಾಸ್ತಿ. ಎಲ್ಲಿ ತಪ್ಪಿದೆ? (ತೀರ್ಥಹಳ್ಳಿಯಿಂದ ಒಬ್ಬ ಓದುಗರು)

ಪುಡಿಯಲ್ಲಿ ತಪ್ಪಿದೆ. ನೀವು ಮಾಡಿದ ಕ್ರಮ ಹೆಚ್ಚುಕಡಿಮೆ ಸರಿಯಾಗೇ ಇದೆ. ನಾನೂ ಮೊದಲ ಸಲ ಹೀಗೇ ಮಾಡಿ, ಪಾಣಿಪಂಚೆಯಲ್ಲಿ ಹಿಂಡಿ ಹಿಂಡಿ, ಅಡುಗೆಮನೆ ಕಟ್ಟೆಯ ಮೇಲೆಲ್ಲ ಮಳೆಗಾಲದ ತುಂಗೆ ಹರಿದ ಹಾಗೆ ಮಾಡಿಟ್ಟಿದ್ದೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ತಣ್ಣೀರಲ್ಲಿ ಪುಡಿ ಕಲಸಿಟ್ಟರೆ ಕಾಫಿ ಆಗ್ತದಾ ಮಾರಾಯಾ, ಒಲೆಗೆ ಏನಾಗಿದೆ?" ಅಂದಿದ್ದಳು.

ಆಗುತ್ತದೆ. ಬಿಸಿನೀರು ಕೆಲವೇ ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ತಣ್ಣೀರು ಹನ್ನೆರಡರಿಂದ ಇಪ್ಪತ್ತು ಗಂಟೆ ತಗೊಳ್ಳುತ್ತದೆ. ಅಷ್ಟು ಹೊತ್ತು ಬಿಟ್ಟರೂ ಎಲ್ಲವನ್ನೂ ಎಳೆಯುವುದಿಲ್ಲ. ಕಹಿ, ಒಗರು ಕೊಡುವ ಕೆಲವು ಅಂಶಗಳು ಬಿಸಿ ತಾಗದೆ ಸುಲಭಕ್ಕೆ ಬಿಡುವುದಿಲ್ಲ, ಹಾಗಾಗಿ ಕುಡಿಯಲು ನಯವಾಗಿರುತ್ತದೆ, ಸಕ್ಕರೆ ಇಲ್ಲದೆಯೂ ನಡೆಯುತ್ತದೆ. ಆದರೆ ಡಿಕಾಕ್ಷನ್ ಇಳಿಯುವಾಗ ಜಗುಲಿಯವರೆಗೂ ಬರುವ ಆ ಘಮ ಇದರಲ್ಲಿಲ್ಲ. ಫಿಲ್ಟರ್ ಕಾಫಿಗೆ ಬದಲಿ ಅಂದುಕೊಂಡು ಮಾಡಿದರೆ ಬೇಜಾರಾಗುತ್ತದೆ. ಇದನ್ನು ಬೇರೆಯೇ ಒಂದು ಪಾನೀಯ ಅಂತ ನೋಡಿ.

ಈಗ ನಿಮ್ಮ ಪುಡಿ ವಿಷಯ. ಪ್ಯಾಕೆಟ್ ತಿರುಗಿಸಿ ಸಣ್ಣ ಅಕ್ಷರ ಓದಿ. ಕಾಫಿ ಇಷ್ಟು, ಚಿಕೋರಿ ಇಷ್ಟು ಅಂತ ಇರುತ್ತದೆ. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಮ್ಮಿ ಇರಬಾರದು ಅನ್ನುವುದು ನಮ್ಮ ದೇಶದ ಆಹಾರ ನಿಯಮ. ಅಂದರೆ ಶೇ. 49ರವರೆಗೆ ಚಿಕೋರಿ ಇರಬಹುದು, ಹೆಚ್ಚುಕಡಿಮೆ ಅರ್ಧಕ್ಕರ್ಧ! ಚಿಕೋರಿ ಅಂದರೆ ಒಂದು ಗಿಡದ ಬೇರು. ಅದನ್ನು ಹುರಿದು ಪುಡಿ ಮಾಡಿರುತ್ತಾರೆ. ಅದರಲ್ಲಿ ಕೆಫೀನ್ ಇಲ್ಲ. ಬಣ್ಣ, ಮಂದ, ಸುಟ್ಟ ಸಕ್ಕರೆಯಂಥ ರುಚಿ ಇದೆ. ಮುಖ್ಯವಾಗಿ ಅದು ನೀರಲ್ಲಿ ಬೇಗ ಕರಗುತ್ತದೆ. ಕಾಫಿ ಪುಡಿಯಲ್ಲಿ ಕರಗುವ ಭಾಗ ಹೆಚ್ಚೆಂದರೆ ಶೇ. 30, ಚಿಕೋರಿಯಲ್ಲಿ ಅರ್ಧಕ್ಕಿಂತ ಜಾಸ್ತಿ. ಬಿಸಿನೀರಲ್ಲಾದರೆ ಕಾಫಿಯೂ ಜೋರಾಗಿ ಬಿಡುತ್ತದೆ, ಎರಡೂ ಸರಿದೂಗುತ್ತವೆ. ತಣ್ಣೀರಲ್ಲಿ ಕಾಫಿ ನಿಧಾನಕ್ಕೆ ಬಾಯಿ ಬಿಡುವಷ್ಟರಲ್ಲಿ ಚಿಕೋರಿ ಪೂರ್ತಿ ಕರಗಿ ಕೂತಿರುತ್ತದೆ. ನಿಮಗೆ ಬಂದ ಸುಟ್ಟ ಬೆಲ್ಲದ ರುಚಿ ಅದೇ.

ಹಾಗಂತ ಚಿಕೋರಿ ಹಾಕಲೇಬಾರದು ಅಂತಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಚಿಕೋರಿ ಸೇರಿಸಿಯೇ ತಣ್ಣನೆ ಕಾಫಿ ನೆನೆಸಿ, ಹಾಲು ಬೆರೆಸಿ ಕುಡಿಯುತ್ತಾರೆ. ಹಾಲು ಹಾಕುವುದಾದರೆ ಶೇ. 10ರಷ್ಟು ಇದ್ದರೆ ನನಗೂ ಇಷ್ಟವೇ. ಮೊದಲ ಸಲಕ್ಕೆ ಮಾತ್ರ ಬರೀ ಕಾಫಿಯಲ್ಲಿ ಮಾಡಿ ನೋಡಿ, ರುಚಿ ಏನು ಅಂತ ಗೊತ್ತಾಗಲಿ.

ಕೆಸರಿಗೆ ಕಾರಣ ಬೇರೆ. ಫಿಲ್ಟರ್ ಪುಡಿ ಚಿರೋಟಿ ರವೆಗಿಂತಲೂ ಸಣ್ಣ. ರಾತ್ರಿಯಿಡೀ ನೆನೆದರೆ ಅದರ ದೂಳು ಬಟ್ಟೆಯ ಕಣ್ಣಿಗೆಲ್ಲ ಕೂತು ನೀರು ಇಳಿಯಲು ಬಿಡುವುದಿಲ್ಲ. ನೀವು ಹಿಂಡುತ್ತೀರಿ, ದೂಳೂ ಕೆಳಗೆ ಬರುತ್ತದೆ. ಕೋಲ್ಡ್ ಬ್ರೂಗೆ ಬೇಕಾದದ್ದು ಇಡ್ಲಿ ರವೆಯಷ್ಟು ತರಿ ಇರುವ ಪುಡಿ. ಶಿವಮೊಗ್ಗದಲ್ಲಿ ಗಾಂಧಿ ಬಜಾರಿನ ಕಡೆ ಕಣ್ಣೆದುರೇ ಹುರಿದ ಬೀಜ ಪುಡಿ ಮಾಡಿಸಿಕೊಳ್ಳುವವರು, "ಚಿಕೋರಿ ಬೇಡ, ಇಡ್ಲಿ ರವೆ ಹಾಗೆ ತರಿ ಇರಲಿ" ಅಂತ ಹೇಳಿದರೆ ಸಾಕು. ನಾನು ಹೇಳಿದಾಗ ಅಂಗಡಿಯವರು ಎರಡೆರಡು ಸಲ ಕೇಳಿದರು. "ಆಮೇಲೆ ಡಿಕಾಕ್ಷನ್ ಇಳೀಲಿಲ್ಲ, ನೀರಾಯ್ತು ಅಂತ ಬೈಬೇಡಿ ಸಾರ್!"

ಬೀಜವೇ ಇದ್ದರೆ ಮಿಕ್ಸಿ ಸಾಕು. ಒಂದೇ ಸಮ ತಿರುಗಿಸಬೇಡಿ. ಎರಡು ಸೆಕೆಂಡು ತಿರುಗಿಸಿ ನಿಲ್ಲಿಸಿ, ಜಾರ್ ಅಲ್ಲಾಡಿಸಿ, ಮತ್ತೆ ಎರಡು ಸೆಕೆಂಡು. ಆಮೇಲೆ ಸಣ್ಣ ಕಣ್ಣಿನ ಜರಡಿ ಹಿಡಿಯಿರಿ. ಕೆಳಗೆ ಬಿದ್ದ ನುಣ್ಣನೆ ಪುಡಿ ನಾಳೆಯ ಫಿಲ್ಟರಿಗೆ, ಮೇಲೆ ಉಳಿದ ತರಿ ಕೋಲ್ಡ್ ಬ್ರೂಗೆ. ಏನೂ ಹಾಳಾಗುವುದಿಲ್ಲ.

ಕೊಪ್ಪ, ಶೃಂಗೇರಿ ಕಡೆ ತೋಟ ಇರುವ ನೆಂಟರು ಬೀಜ ಕೊಟ್ಟರೆ, ಅದು ಅರೇಬಿಕಾನಾ ರೋಬಸ್ಟಾನಾ ಅಂತ ಕೇಳಿಟ್ಟುಕೊಳ್ಳಿ. ಅರೇಬಿಕಾದಲ್ಲಿ ಕೆಫೀನ್ ತೂಕದ ಸುಮಾರು ಶೇ. 1.2, ರೋಬಸ್ಟಾದಲ್ಲಿ ಸುಮಾರು ಶೇ. 2.2. ಗಟ್ಟಿಯಾಗಿ ನೆನೆಸುವಾಗ ಈ ವ್ಯತ್ಯಾಸ ಸಣ್ಣದಲ್ಲ. ಬರೀ ರೋಬಸ್ಟಾದಲ್ಲಿ ಮಾಡಿ ಸಂಜೆ ಒಂದು ದೊಡ್ಡ ಲೋಟ ಕುಡಿದ ದಿನ ನಾನು ರಾತ್ರಿ ಎರಡರವರೆಗೆ ಹೆಂಚಿನ ಮೇಲೆ ಬೀಳುವ ಮಳೆ ಎಣಿಸಿದ್ದೇನೆ. ಹಣ್ಣಿನ ಸಮೇತ ಅಂಗಳದಲ್ಲಿ ಒಣಗಿಸಿದ್ದಕ್ಕೆ ಚೆರಿ ಅನ್ನುತ್ತಾರೆ, ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಅರೇಬಿಕಾಗೆ ಪ್ಲಾಂಟೇಷನ್. ಎರಡೂ ಆಗುತ್ತದೆ. ಬಾಣಲೆಯಲ್ಲಿ ಕಪ್ಪಗೆ ಹೊಗೆ ಬರುವಷ್ಟು ಹುರಿದಿದ್ದರೆ ಮಾತ್ರ ಬೇಡ, ಆ ಹೊಗೆ ರುಚಿ ತಣ್ಣೀರಿಗೂ ಇಳಿಯುತ್ತದೆ.

ಅಳತೆ ಹೇಳುತ್ತೇನೆ. 100 ಗ್ರಾಂ ಪುಡಿಗೆ 500 ಎಂಎಲ್ ನೀರು. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹೀರಿಕೊಂಡು ಕೂರುವುದರಿಂದ ಕೈಗೆ ಬರುವುದು ಸುಮಾರು 300 ಎಂಎಲ್. ಅಯ್ಯೋ ಇಷ್ಟೇನಾ ಅನ್ನಬೇಡಿ. ಇದು ನೇರ ಕುಡಿಯುವ ಕಾಫಿಯಲ್ಲ, ಕಾನ್ಸಂಟ್ರೇಟ್, ನಮ್ಮ ಗಟ್ಟಿ ಡಿಕಾಕ್ಷನ್ ಇದ್ದ ಹಾಗೆ. ಒಂದು ಲೋಟಕ್ಕೆ 50–60 ಎಂಎಲ್ ಸಾಕು. ಅದಕ್ಕೆ ಎರಡರಷ್ಟು ನೀರೋ ಹಾಲೋ ಸೇರಿಸಿ. ಐದಾರು ಲೋಟ ಆಯಿತಲ್ಲ.

ನೀರು ಬಾವಿಯದ್ದಾದರೆ ಕುದಿಸಿ ಪೂರ್ತಿ ಆರಿಸಿ ಹಾಕಿ. ಇಲ್ಲಿ ಬೆಂಕಿಯೇ ಇಲ್ಲ, ನೀರಲ್ಲಿ ಏನಿದ್ದರೂ ಹಾಗೇ ಉಳಿಯುತ್ತದೆ ಅನ್ನುವುದನ್ನು ಮರೆಯಬಾರದು. ಪಾತ್ರೆ ಗಾಜು ಅಥವಾ ಸ್ಟೀಲು. ಕಾಫಿಯಲ್ಲಿ ಹುಳಿ ಅಂಶ ಇರುವುದರಿಂದ ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ರಾತ್ರಿಯಿಡೀ ಇಡಬೇಡಿ. ಇನ್ನೊಂದು ಅನುಭವದ ಮಾತು: ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿದ್ದ ಭರಣಿ ಬೇಡವೇ ಬೇಡ. ನಾನು ಸೋಪು ಹಾಕಿ ಮೂರು ಸಲ ತೊಳೆದಿದ್ದೆ, ಆದರೂ ಮುಚ್ಚಳದ ರಬ್ಬರಿನಲ್ಲಿ ಸಾಸಿವೆ, ಇಂಗು ಅಡಗಿ ಕೂತಿತ್ತು. ಆ ಕಾಫಿಯನ್ನು ಮೊಸರನ್ನದ ಜೊತೆ ನೆಂಚಿಕೊಳ್ಳಬಹುದಿತ್ತು.

ಪುಡಿ ಮೇಲೆ ನೀರು ಸುರಿದ ಕೂಡಲೇ ಅದು ತೇಲುತ್ತದೆ. ಹೊಸದಾಗಿ ಹುರಿದದ್ದಾದರೆ ಇನ್ನೂ ಜಾಸ್ತಿ. ಸೌಟಿನಿಂದ ಒಮ್ಮೆ ಕಲಕಿ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಕಲಕಿ, ಮುಚ್ಚಿಡಿ. ಹೊರಗೆ ಇಟ್ಟರೆ ಹನ್ನೆರಡು ಗಂಟೆ, ಫ್ರಿಜ್ಜಿನಲ್ಲಿ ಹದಿನಾರರಿಂದ ಇಪ್ಪತ್ತು. ಆಷಾಢದಲ್ಲಿ ನಿಮ್ಮ ತೀರ್ಥಹಳ್ಳಿಯ ಅಡುಗೆಮನೆಯೇ ಅರ್ಧ ಫ್ರಿಜ್ಜು, ರಾತ್ರಿ ಹೊರಗಿಟ್ಟರೆ ತೊಂದರೆ ಇಲ್ಲ. ಏಪ್ರಿಲ್‌ನಲ್ಲಿ ಶಿವಮೊಗ್ಗ ಪೇಟೆಯ ಸೆಕೆಗೆ ಮಾತ್ರ ಫ್ರಿಜ್ಜೇ ಬೇಕು.

ಸೋಸುವುದಕ್ಕೆ ನಿಮ್ಮ ಫಿಲ್ಟರ್ ಉಪಯೋಗಕ್ಕೆ ಬರುತ್ತದೆ. ನೇರವಾಗಿ ಫಿಲ್ಟರಿನಲ್ಲೇ ತಣ್ಣೀರು ಹಾಕಿ ಮಾಡಬಾರದಾ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ತರಿ ಪುಡಿಯಾದರೆ ನೀರು ಐದು ನಿಮಿಷದಲ್ಲಿ ಇಳಿದು ಹೋಗುತ್ತದೆ, ನೆನೆಯಲು ಹೊತ್ತೇ ಸಿಗುವುದಿಲ್ಲ. ಬದಲಿಗೆ ನೆನೆದದ್ದನ್ನು ಮೊದಲು ಫಿಲ್ಟರಿನ ಮೇಲಿನ ಡಬ್ಬಿಗೆ ಸುರಿದು ದಪ್ಪ ಚರಟ ತಡೆಯಿರಿ, ಇಳಿದದ್ದನ್ನು ಎರಡು ಮಡಿಕೆ ಬಟ್ಟೆಯಲ್ಲಿ ಇನ್ನೊಮ್ಮೆ ಸೋಸಿ. ಬಟ್ಟೆಯನ್ನು ಮೊದಲು ಬರೀ ನೀರಲ್ಲಿ ಕುದಿಸಿಕೊಳ್ಳಿ, ಸೋಪಿನ ಪರಿಮಳ ಕಾಫಿಗೆ ಬೇಡ. ಮತ್ತೆ, ದಯವಿಟ್ಟು ಹಿಂಡಬೇಡಿ. ತಾನಾಗೇ ತೊಟ್ಟಿಕ್ಕಲಿ.

ಉಳಿದ ಚರಟ ಎಸೆಯಲು ನಮ್ಮಮ್ಮನಿಗೆ ಮನಸ್ಸು ಬರಲಿಲ್ಲ. ಅದನ್ನೇ ಫಿಲ್ಟರಿಗೆ ಹಾಕಿ ಕುದಿನೀರು ಸುರಿದು ಎರಡನೇ ಡಿಕಾಕ್ಷನ್ ಇಳಿಸಿದಳು. ತಣ್ಣೀರು ಬಿಟ್ಟುಹೋದದ್ದನ್ನು ಬಿಸಿನೀರು ಎಳೆಯುತ್ತದೆ, ಹಾಗಾಗಿ ಬಣ್ಣ ಚೆನ್ನಾಗೇ ಬಂತು. ರುಚಿ ಸುಮಾರು. ಬೆಲ್ಲ ಹಾಕಿ ಕುಡಿದೆವು.

ಸೋಸಿದ್ದು ಫ್ರಿಜ್ಜಿನಲ್ಲಿ ಮುಚ್ಚಿಟ್ಟರೆ ಒಂದು ವಾರ ಚೆನ್ನಾಗಿರುತ್ತದೆ. ಹಾಲು ಬೆರೆಸಿ ಇಡಬೇಡಿ, ಕುಡಿಯುವಾಗಲೇ ಬೆರೆಸಿ. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ದಿನ ಬಾರದ ಊರಾದರೆ ಸುಮ್ನೆ 50 ಗ್ರಾಂ ಪುಡಿಯದ್ದೇ ಮಾಡಿ, ಮುಗಿದ ಮೇಲೆ ಮತ್ತೆ ಮಾಡಿದರಾಯಿತು. ಫ್ರಿಜ್ಜು ಬೆಚ್ಚಗಾಗಿ, ವಾಸನೆ ಬೇರೆ ಆಗಿದ್ದರೆ ಗಿಡದ ಬುಡಕ್ಕೆ ಸುರಿಯಿರಿ.

ಹೊಟ್ಟೆಯುರಿ ಇರುವವರಿಗೆ ಇದು ಒಳ್ಳೆಯದು ಅನ್ನುವ ಮಾತು ಕೇಳಿರುತ್ತೀರಿ. ಹುಳಿಯ ತೀವ್ರತೆ ಹೇಳುವ ಪಿಎಚ್ ಅಳೆದರೆ ಬಿಸಿ ಕಾಫಿ, ತಣ್ಣನೆ ಕಾಫಿ ಎರಡೂ 5ರ ಆಸುಪಾಸಿನಲ್ಲೇ ಬರುತ್ತವೆ. ತಣ್ಣನೆಯದರಲ್ಲಿ ಒಟ್ಟು ಹುಳಿ ಅಂಶ ಸ್ವಲ್ಪ ಕಮ್ಮಿ ಇರುತ್ತದೆ, ನಾಲಿಗೆಗೆ ಅದು ಗೊತ್ತಾಗುತ್ತದೆ. ಔಷಧಿ ಅಂತ ಮಾತ್ರ ಕುಡಿಯಬೇಡಿ.

ಸಿಹಿ ಬೇಕಾದರೆ ಸಕ್ಕರೆ ಕಷ್ಟ, ತಣ್ಣನೆಯದರಲ್ಲಿ ಕರಗದೆ ತಳದಲ್ಲಿ ಕೂರುತ್ತದೆ. ನಮ್ಮ ಕಡೆ ಇದಕ್ಕೆ ಮೊದಲೇ ಉತ್ತರ ಇದೆ: ಜೋನಿ ಬೆಲ್ಲ, ಅಂದರೆ ಪಾಕದ ಹಾಗೆ ಹರಿಯುವ ಬೆಲ್ಲ. ಒಂದು ಚಮಚ ಲೋಟದ ತಳಕ್ಕೆ ಬಿಟ್ಟು, ಮೇಲೆ ಕಾಫಿ, ಆಮೇಲೆ ತಣ್ಣನೆ ಹಾಲು ಸುರಿದು ಕಲಕಿ. ಬೇಸಿಗೆಯಲ್ಲಿ ನೆಂಟರಿಗೆ ಆಸರಿಗೆ ಅಂತ ಇದನ್ನೇ ಕೊಟ್ಟೆ. ಚಿಕ್ಕಪ್ಪ ಒಂದು ಗುಟುಕು ಕುಡಿದು, "ಚೆನ್ನಾಗಿದೆ. ಈಗ ಬಿಸಿ ಕಾಫಿ ತಗೊಂಬಾ" ಅಂದರು.

ಅವರಿಗೂ ಅದರಿಂದಲೇ ಕೊಟ್ಟೆ. ಹಾಲನ್ನು ಚೆನ್ನಾಗಿ ಕುದಿಸಿ, ಕೆಳಗಿಳಿಸಿ, ಫ್ರಿಜ್ಜಿನ ಡಿಕಾಕ್ಷನ್ ಹಾಗೇ ಅದಕ್ಕೆ ಸುರಿದರೆ ಆಯಿತು. ಡಿಕಾಕ್ಷನ್ ಬೇರೆ ಕಾಯಿಸಲು ಹೋದರೆ ಕಹಿಯಾಗುತ್ತದೆ.